ಮೆಕ್ಕೆಜೋಳದ ಹಾಪರ್ ಮತ್ತು ಒಗ್ಗದ ಡ್ರಾಯಿಂಗ್ ತಂತ್ರಾಂಶ: ದಾವಣಗೆರೆಯ ಒಂದು ವರ್ಕ್‌ಶಾಪಿನ ಕೆಲಸದ ದಾಖಲೆ

ದಾವಣಗೆರೆಯ ನಮ್ಮ ವರ್ಕ್‌ಶಾಪಿನಲ್ಲಿ ಅಕ್ಕಿ ಗಿರಣಿಗಳಿಗೆ, ಮೆಕ್ಕೆಜೋಳ ಸ್ವಚ್ಛಗೊಳಿಸುವ ಘಟಕಗಳಿಗೆ ಮತ್ತು ಒಮ್ಮೊಮ್ಮೆ ಮಂಡಕ್ಕಿ ಭಟ್ಟಿಗಳಿಗೆ ಬೇಕಾದ ತಗಡಿನ ಕೆಲಸಗಳನ್ನು ಮಾಡುತ್ತೇವೆ. ಹಾಪರ್ (ಕಾಳು ಸುರಿಯುವ, ಕೆಳಗೆ ಕಿರಿದಾಗುವ ತಗಡಿನ ತೊಟ್ಟಿ), ಚ್ಯೂಟ್ (ಕಾಳು ಜಾರುವ ದೋಣಿ), ಕಾಳು ಮೇಲೆತ್ತುವ ಎಲಿವೇಟರಿನ ಬೂಟ್ (ಬುಡ) ಮತ್ತು ಹೆಡ್ (ತಲೆ), ಗಾಳಿ ಕೊಳವೆ ಇವೇ ನಮ್ಮ ನಿತ್ಯದ ವಸ್ತುಗಳು. ಇವುಗಳ ಡ್ರಾಯಿಂಗುಗಳನ್ನು ನಾನು ಹಲವು ವರ್ಷಗಳಿಂದ ಆಟೋಕ್ಯಾಡ್ ಎಂಬ ಡ್ರಾಯಿಂಗ್ ತಂತ್ರಾಂಶದಲ್ಲಿ, ಎರಡು ಆಯಾಮಗಳಲ್ಲಿ ಬರೆಯುತ್ತ ಬಂದವನು. ಒಂದೇ ಬಗೆಯ ಹಾಪರನ್ನು ಬೇರೆ ಬೇರೆ ಅಳತೆಯಲ್ಲಿ ಕೇಳುವ ಗ್ರಾಹಕರು ಹೆಚ್ಚಿದ್ದರಿಂದ, ಪ್ರತಿ ಸಲ ಮೊದಲಿನಿಂದ ಬರೆಯುವುದನ್ನು ತಪ್ಪಿಸಲು ಮೂರು ಆಯಾಮಗಳ ಪ್ಯಾರಾಮೆಟ್ರಿಕ್ (ಒಂದು ಅಳತೆ ಬದಲಿಸಿದರೆ ಅದನ್ನು ಅವಲಂಬಿಸಿದ್ದೆಲ್ಲ ತಾನಾಗಿ ಬದಲಾಗುವ) ತಂತ್ರಾಂಶಕ್ಕೆ ಬದಲಾಗಬೇಕೆಂದು ಮಾಲೀಕರು ತೀರ್ಮಾನಿಸಿದರು. ಲೈಸೆನ್ಸಿಗೆ ಹಣ ಕೊಡಬೇಕಿಲ್ಲದ ಫ್ರೀಕ್ಯಾಡ್ ಆಯ್ಕೆಯಾಯಿತು. ಅದರಲ್ಲಿ ಮಾಡಿದ ಮೊದಲ ಪೂರ್ಣ ಕೆಲಸವಾದ ಒಂದು ಹಾಪರಿನ ದಾಖಲೆ ಇದು. ಇದೇ ಬದಲಾವಣೆಯ ಮಧ್ಯದಲ್ಲಿ ಸಿಕ್ಕಿಕೊಂಡು ಕಂಗೆಟ್ಟಿರುವ ಡ್ರಾಫ್ಟ್ಸ್‌ಮನ್ನರಿಗೆ ಉಪಯೋಗವಾಗಲೆಂದು ಅಳತೆಗಳ ಸಮೇತ ಬರೆಯುತ್ತಿದ್ದೇನೆ.

ಕೆಲಸ ಹೀಗಿತ್ತು. ಮೆಕ್ಕೆಜೋಳದ ಕ್ಲೀನರಿನ ಮೇಲೆ ಕೂರುವ ಚೌಕ ಹಾಪರ್, ಮೇಲಿನ ಬಾಯಿ 900 ಮಿಲಿಮೀಟರ್, ಕೆಳಗಿನ ಬಾಯಿ 250 ಮಿಲಿಮೀಟರ್, 3 ಮಿಲಿಮೀಟರ್ ದಪ್ಪದ ಮೈಲ್ಡ್ ಸ್ಟೀಲ್ ತಗಡು. ಇಂಥ ಹಾಪರಿನಲ್ಲಿ ಗೋಡೆಯ ಇಳಿಜಾರಿಗಿಂತ ಎರಡು ಗೋಡೆಗಳು ಸೇರುವ ಮೂಲೆಯ ಇಳಿಜಾರು ಮುಖ್ಯ. ಒಣ ಮೆಕ್ಕೆಜೋಳ ಸುಮಾರು 25 ಡಿಗ್ರಿ ಇಳಿಜಾರಿನಲ್ಲಿ ರಾಶಿಯಾಗಿ ನಿಲ್ಲುತ್ತದೆಯಾದರೂ, ಹಿಂಗಾರಿನ ಮಳೆಯಲ್ಲಿ ನೆನೆದು ಬಂದ ಕಾಳು, ಅದರ ಜೊತೆಗಿನ ದೂಳು ಮತ್ತು ದಂಟಿನ ಚೂರು ಸೇರಿದಾಗ ಮೂಲೆಯಲ್ಲಿ ಹೆಪ್ಪುಗಟ್ಟಿ ಇಳಿಯುವುದೇ ಇಲ್ಲ. ಗೋಡೆ ಕಡಿದಾಗಿ ಕಂಡರೂ ಮೂಲೆ ಅದಕ್ಕಿಂತ ಚಪ್ಪಟೆಯಾಗಿರುತ್ತದೆ ಎಂಬುದನ್ನು ಹೊಸಬರು ಗಮನಿಸುವುದಿಲ್ಲ. ಗೋಡೆ 61.5 ಡಿಗ್ರಿ ಇದ್ದರೆ ಮೂಲೆ 52.5 ಡಿಗ್ರಿ ಮಾತ್ರ. ನಮ್ಮಲ್ಲಿ ಮೂಲೆಯನ್ನು 50 ಡಿಗ್ರಿಗಿಂತ ಕೆಳಗೆ ಇಳಿಸುವುದಿಲ್ಲ.

ಮೊದಲಿಗೆ ಕೈ ಸೋತದ್ದು ಸ್ಕೆಚ್ಚಿನಲ್ಲಿ, ಅಂದರೆ ಮಾದರಿಗೆ ಆಧಾರವಾಗುವ ಚಪ್ಪಟೆ ರೇಖಾಚಿತ್ರದಲ್ಲಿ. ಆಟೋಕ್ಯಾಡ್‌ನಲ್ಲಿ ಎಡಗೈ ಅಕ್ಷರಗಳ ಮೇಲೆ, ಬಲಗೈ ಮೌಸಿನ ಮೇಲೆ ಇಟ್ಟು, ಗೆರೆ ಎಳೆದು, ಆಫ್‌ಸೆಟ್ ಮಾಡಿ (ಸಮಾನಾಂತರ ನಕಲು ತೆಗೆದು), ಟ್ರಿಮ್ ಮಾಡಿದರೆ (ಹೆಚ್ಚಿನದನ್ನು ಕತ್ತರಿಸಿದರೆ) ಆ ಗೆರೆ ಹಾಕಿದಲ್ಲೇ ಕೂತಿರುತ್ತದೆ. ಹೊಸ ತಂತ್ರಾಂಶದಲ್ಲಿ ಎಳೆದ ಗೆರೆ ಯಾವುದಕ್ಕೂ ಬದ್ಧವಲ್ಲ. ಒಂದು ಅಳತೆ ಕೊಟ್ಟರೆ ಪಕ್ಕದ ಗೆರೆ ಓರೆಯಾಗುತ್ತದೆ, ಇನ್ನೊಂದು ಕೊಟ್ಟರೆ ಇಡೀ ಆಕೃತಿ ಮಗುಚಿಕೊಳ್ಳುತ್ತದೆ, ಮೂರನೆಯದು ಕೊಟ್ಟರೆ ನಿರ್ಬಂಧಗಳು (ಗೆರೆಗಳಿಗೆ ಕೊಟ್ಟ ಅಳತೆ ಮತ್ತು ಸಂಬಂಧಗಳು) ಪರಸ್ಪರ ವಿರುದ್ಧವಾಗಿವೆ ಎಂಬ ಸಂದೇಶ ಬರುತ್ತದೆ. ಹತ್ತು ನಿಮಿಷದಲ್ಲಿ ಮುಗಿಯಬೇಕಾದ ಚೌಕ ಮಧ್ಯಾಹ್ನದವರೆಗೆ ಎಳೆಯುವಾಗ ಹುಟ್ಟುವ ಸಿಟ್ಟು ಸಣ್ಣದಲ್ಲ. ಕೆಲಸ ಗೊತ್ತಿಲ್ಲದವನಿಗೆ ಆ ಸಿಟ್ಟು ಬರುವುದಿಲ್ಲ. ಹಾಪರ್ ಹೇಗಿರಬೇಕೆಂದು ಚೆನ್ನಾಗಿ ಗೊತ್ತಿದ್ದೂ ಅದನ್ನು ಪರದೆಯ ಮೇಲೆ ಇಡಲಾಗದವನಿಗೇ ಅದು ಬರುತ್ತದೆ. ಆಚೆ ಕಡೆ ತಗಡು ಕತ್ತರಿಸುವ ಪ್ಲಾಸ್ಮಾ ಕಟಿಂಗಿನವರು ಫೈಲಿಗಾಗಿ ಕಾಯುತ್ತಿದ್ದರೆ ಅದು ಇನ್ನೂ ಹೆಚ್ಚುತ್ತದೆ. ಇಂಥ ಹೊತ್ತಿನಲ್ಲಿ ಹಳೆಯ ತಂತ್ರಾಂಶ ತೆರೆದು ಆ ದಿನದ ತುರ್ತನ್ನು ಮುಗಿಸಿಬಿಡುವುದು ಸಹಜ, ಆದರೆ ಹಾಗೆ ಮಾಡಿದಷ್ಟೂ ಕಲಿಕೆ ತಡವಾಗುತ್ತದೆ. ಆದ್ದರಿಂದ ಈ ಒಂದು ಹಾಪರನ್ನಾದರೂ ಹೊಸದರಲ್ಲೇ ಮುಗಿಸುವುದೆಂದು ಮಾಲೀಕರ ಬಳಿ ಹೆಚ್ಚಿನ ಸಮಯ ಕೇಳಿಕೊಂಡೆ.

ಸ್ಕೆಚ್ಚಿನ ಗೊಂದಲ ಬಿಡಿಸಿದ್ದು ಒಂದು ಲೆಕ್ಕ. ಬಿಡಿ ಗೆರೆಯೊಂದಕ್ಕೆ ಎರಡು ತುದಿಗಳು, ಪ್ರತಿ ತುದಿಗೂ ಅಡ್ಡ ಮತ್ತು ಉದ್ದದ ಎರಡು ಚಲನೆಗಳು, ಅಂದರೆ ನಾಲ್ಕು ಸ್ವಾತಂತ್ರ್ಯಗಳು. ನಾಲ್ಕು ಬಿಡಿ ಗೆರೆಗಳಿಗೆ ಹದಿನಾರು. ಮೂಲೆಗಳನ್ನು ಒಂದಕ್ಕೊಂದು ಅಂಟಿಸಿದರೆ ಎಂಟು ಕಳೆಯುತ್ತವೆ, ಎರಡು ಗೆರೆ ಅಡ್ಡ ಮತ್ತು ಎರಡು ಗೆರೆ ಲಂಬ ಎಂದು ಹೇಳಿದರೆ ನಾಲ್ಕು ಕಳೆಯುತ್ತವೆ, ಎದುರುಬದುರಿನ ಎರಡು ಮೂಲೆಗಳು ಮೂಲಬಿಂದುವಿಗೆ ಸಮಮಿತಿಯಲ್ಲಿವೆ ಎಂದರೆ ಇನ್ನೆರಡು, ಪಕ್ಕಪಕ್ಕದ ಬಾಹುಗಳು ಸಮ ಎಂದರೆ ಒಂದು. ಉಳಿಯುವುದು ಒಂದೇ, ಅದಕ್ಕೆ 900 ಎಂಬ ಅಳತೆ. ಆಗ ಸ್ಕೆಚ್ ಪೂರ್ತಿ ಹಸಿರಾಗುತ್ತದೆ, ಅಂದರೆ ಎಲ್ಲ ಗೆರೆಗಳೂ ಬದ್ಧವಾದವು. ಉಳಿದಿರುವ ಸ್ವಾತಂತ್ರ್ಯಗಳ ಸಂಖ್ಯೆಯನ್ನು ತಂತ್ರಾಂಶ ಪಕ್ಕದ ಫಲಕದಲ್ಲಿ ಸದಾ ತೋರಿಸುತ್ತಿರುತ್ತದೆ. ಆ ಸಂಖ್ಯೆಯನ್ನು ನೋಡದೆ ಅಳತೆ ಮೇಲೆ ಅಳತೆ ಕೊಡುತ್ತ ಹೋಗುವುದರಿಂದಲೇ ಆಕೃತಿ ಮಗುಚುವುದು. ಚುಕ್ಕಿ ಇಟ್ಟ ಮೇಲೆ ಎಳೆ ಎಳೆಯುವ ರಂಗೋಲಿಯಂತೆ, ಸಂಬಂಧಗಳು ಮೊದಲು, ಅಳತೆ ಕೊನೆಗೆ ಎಂಬ ಕ್ರಮ ಹಿಡಿದ ಮೇಲೆ ಈ ಭಾಗದ ತೊಂದರೆ ಬಹುಮಟ್ಟಿಗೆ ನಿಂತಿತು.

ಮುಂದಿನ ತೊಂದರೆ ಇನ್ನೂ ಆಳದ್ದು. ಹಳೆಯ ಡ್ರಾಯಿಂಗಿನಲ್ಲಿ ಎತ್ತರ 600 ಎಂದೂ, ಮೂಲೆ 52.5 ಡಿಗ್ರಿ ಎಂದೂ, ಗೋಡೆ 61.5 ಡಿಗ್ರಿ ಎಂದೂ ಮೂರನ್ನೂ ಬರೆಯುತ್ತಿದ್ದೆವು, ಕಾಗದ ಯಾವುದನ್ನೂ ಪ್ರಶ್ನಿಸುತ್ತಿರಲಿಲ್ಲ. ಇಲ್ಲಿ ಮೂರನ್ನೂ ಕೊಟ್ಟರೆ ತಂತ್ರಾಂಶ ಒಪ್ಪುವುದಿಲ್ಲ. ಯಾವುದಾದರೂ ಒಂದನ್ನು ಮಾತ್ರ ಆಳುವ ಅಳತೆಯಾಗಿ ಇಟ್ಟು, ಉಳಿದೆರಡನ್ನು ಬರೀ ತೋರಿಸುವ ಅಳತೆಗಳನ್ನಾಗಿ ಮಾಡಬೇಕು. ಮೊದಲಿಗೆ ಎತ್ತರವನ್ನೇ ಆಳುವ ಅಳತೆ ಮಾಡಿ ಮಾದರಿ ಕಟ್ಟಿದ್ದೆವು, ಏಕೆಂದರೆ ಡ್ರಾಯಿಂಗಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದೇ. ಕೆಲಸ ನಡೆಯುವಾಗಲೇ ಗ್ರಾಹಕರು ಮೇಲಿನ ಬಾಯಿಯನ್ನು 1000 ಮಿಲಿಮೀಟರಿಗೆ ಹಿಗ್ಗಿಸಿದ ಇನ್ನೊಂದು ಹಾಪರನ್ನೂ ಕೇಳಿದರು. 900 ಇದ್ದಲ್ಲಿ 1000 ಬರೆದಾಗ ಮಾದರಿ ಹಿಗ್ಗಿತು, ಆದರೆ ಎತ್ತರ 600 ಆಗಿಯೇ ಉಳಿದು ಮೂಲೆಯ ಇಳಿಜಾರು 48.5 ಡಿಗ್ರಿಗೆ ಕುಸಿಯಿತು. ಪರದೆಯ ಮೇಲೆ ಯಾವ ದೋಷವೂ ಕಾಣಲಿಲ್ಲ, ಎಲ್ಲ ಹಸಿರಾಗಿತ್ತು. ಅದೇ ಹಾಪರನ್ನು ಮಾಡಿ ಕಳಿಸಿದ್ದರೆ ಒದ್ದೆ ಕಾಳು ಮೂಲೆಯಲ್ಲಿ ನಿಲ್ಲುತ್ತಿತ್ತು.

ಈ ಕೆಲಸದಿಂದ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಆಜ್ಞೆಗಳು ಎಲ್ಲಿವೆ ಎಂಬುದು ಕೆಲವು ವಾರಗಳಲ್ಲಿ ಕೈಗೆ ಹತ್ತುತ್ತದೆ. ಕಷ್ಟವೆಂದರೆ, ಯಾವ ಅಳತೆ ಕಾರಣ, ಯಾವ ಅಳತೆ ಪರಿಣಾಮ ಎಂಬುದನ್ನು ತಂತ್ರಾಂಶಕ್ಕೆ ಹೇಳಲೇಬೇಕಾಗಿರುವುದು. ಎರಡು ಆಯಾಮದ ಡ್ರಾಯಿಂಗಿನಲ್ಲಿ ಆ ತಿಳಿವಳಿಕೆ ಡ್ರಾಫ್ಟ್ಸ್‌ಮನ್ನನ ತಲೆಯಲ್ಲಿ ಇರುತ್ತಿತ್ತು, ಅಳತೆ ಬದಲಾದಾಗ ಆತನೇ ಉಳಿದದ್ದನ್ನು ಸರಿಮಾಡುತ್ತಿದ್ದ. ಪ್ಯಾರಾಮೆಟ್ರಿಕ್ ಮಾದರಿಯಲ್ಲಿ ಅದನ್ನು ಮೊದಲೇ ಬರೆದಿಡದಿದ್ದರೆ ಮಾದರಿ ತನ್ನ ಪಾಡಿಗೆ ತಾನು ನಿರ್ಧರಿಸುತ್ತದೆ. ನಾನು ನೋಡಿದ ಕಲಿಕೆಯ ವಿಡಿಯೊಗಳಲ್ಲಿ ಬಟನ್ನುಗಳ ಪರಿಚಯ ಧಾರಾಳವಾಗಿತ್ತು, ಈ ಪ್ರಶ್ನೆಯ ಪ್ರಸ್ತಾಪ ಮಾತ್ರ ಸಿಗಲಿಲ್ಲ. ಅನುಭವವಿರುವ ಡ್ರಾಫ್ಟ್ಸ್‌ಮನ್ ಹೊಸ ತಂತ್ರಾಂಶದ ಮುಂದೆ ಕುಗ್ಗುವ ಅಗತ್ಯವಿಲ್ಲ ಎಂದು ನಾನು ನಂಬುವುದು ಇದರಿಂದಲೇ. ಯಾವುದು ಕಾರಣ ಎಂಬುದು ಗೊತ್ತಿರುವುದು ಅವನಿಗೇ, ಅದನ್ನು ಯಂತ್ರಕ್ಕೆ ತಿಳಿಸುವ ವಿಧಾನವಷ್ಟೇ ಅವನಿಗೆ ಹೊಸದು.

ಹಾಗಾಗಿ ಆ ಮಾದರಿಯನ್ನು ಬದಿಗಿಟ್ಟು ಹೊಸ ಫೈಲು ತೆರೆದೆವು. ಮೌಸ್ ಮುಟ್ಟುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಂಡದ್ದು ಇಷ್ಟು: ಮೇಲಿನ ಬಾಯಿ, ಕೆಳಗಿನ ಬಾಯಿ, ಮೂಲೆಯ ಇಳಿಜಾರು, ತಗಡಿನ ದಪ್ಪ ಇವು ಕಾರಣಗಳು. ಎತ್ತರ, ಗೋಡೆಯ ಇಳಿಜಾರು, ಓರೆ ಅಂಚಿನ ಉದ್ದ, ಬೆಂಡಿನ ಕೋನ, ತೂಕ, ಒಳಗೆ ಹಿಡಿಯುವ ಪ್ರಮಾಣ ಇವೆಲ್ಲ ಪರಿಣಾಮಗಳು. ಫ್ರೀಕ್ಯಾಡ್‌ನಲ್ಲಿ ಮಾದರಿಯೊಳಗೇ ಒಂದು ಸ್ಪ್ರೆಡ್‌ಶೀಟ್ ಇಟ್ಟು, ಪ್ರತಿ ಕೋಶಕ್ಕೆ ಒಂದು ಹೆಸರು ಕೊಟ್ಟು, ಸ್ಕೆಚ್ಚಿನ ಅಳತೆಯಲ್ಲಿ ಸಂಖ್ಯೆಯ ಬದಲು ಆ ಹೆಸರನ್ನು ಬರೆಯಬಹುದು. ಎತ್ತರದ ಕೋಶದಲ್ಲಿ ಬರೆದ ಸೂತ್ರ ಹೀಗೆ: ಮೇಲಿನ ಬಾಯಿಯಿಂದ ಕೆಳಗಿನ ಬಾಯಿಯನ್ನು ಕಳೆದು ಅರ್ಧ ಮಾಡಿ, ಎರಡರ ವರ್ಗಮೂಲದಿಂದ ಗುಣಿಸಿ, ಮೂಲೆಯ ಕೋನದ ಟ್ಯಾಂಜೆಂಟಿನಿಂದ ಗುಣಿಸುವುದು. ಸಾಮಾನ್ಯ ಕಚೇರಿ ಸ್ಪ್ರೆಡ್‌ಶೀಟುಗಳು ತ್ರಿಕೋನಮಿತಿಯ ಲೆಕ್ಕದಲ್ಲಿ ಕೋನವನ್ನು ರೇಡಿಯನ್ನಿನಲ್ಲಿ ಕೇಳುತ್ತವೆ, ಫ್ರೀಕ್ಯಾಡ್ ಡಿಗ್ರಿಯಲ್ಲಿ ತೆಗೆದುಕೊಳ್ಳುತ್ತದೆ. ಅಲ್ಲಿಂದ ಸೂತ್ರವನ್ನು ನಕಲು ಮಾಡಿ ತರುವವರು ಇದನ್ನು ಗಮನಿಸಬೇಕು. 900 ಮಿಲಿಮೀಟರ್ ಬಾಯಿಗೆ ಎತ್ತರ 599 ಬಂತು, 1000ಕ್ಕೆ 691. ಮೂಲೆ ಎರಡರಲ್ಲೂ 52.5 ಡಿಗ್ರಿ.

ಹೀಗೆ ಮಾಡಿದಾಗ ಒಂದು ಒಳ್ಳೆಯ ಸಂಗತಿ ತಾನಾಗಿ ಹೊರಬಂತು. ಎರಡೂ ಬಾಯಿ ಚೌಕವಾಗಿದ್ದು ಮೂಲೆಯ ಇಳಿಜಾರು ಬದಲಾಗದಿದ್ದರೆ ಗೋಡೆಯ ಇಳಿಜಾರೂ ಬದಲಾಗುವುದಿಲ್ಲ, ಆದ್ದರಿಂದ ಪಕ್ಕಪಕ್ಕದ ಗೋಡೆಗಳ ನಡುವಿನ ಕೋನವೂ ಬದಲಾಗುವುದಿಲ್ಲ. ಆ ಕೋನ ಸುಮಾರು 103 ಡಿಗ್ರಿ. ಮೇಲಿನಿಂದ ನೋಡಿದರೆ 90 ಡಿಗ್ರಿಯಂತೆ ಕಾಣುವ ಆ ಮೂಲೆಯನ್ನು ಪ್ರೆಸ್ ಬ್ರೇಕಿನಲ್ಲಿ (ತಗಡು ಬಗ್ಗಿಸುವ ಯಂತ್ರದಲ್ಲಿ) 90ಕ್ಕೇ ಬಗ್ಗಿಸಿದರೆ ಹಾಪರಿನ ಎರಡು ಅರ್ಧಗಳು ವೆಲ್ಡಿಂಗಿನಲ್ಲಿ ಕೂಡುವುದಿಲ್ಲ. ಚಪ್ಪಟೆ ಸ್ಥಿತಿಯಿಂದ 77 ಡಿಗ್ರಿಯಷ್ಟೇ ಬಗ್ಗಿಸಬೇಕು. ಈ ಅಳತೆಯ ಒಂದು ತಗಡಿನ ಟೆಂಪ್ಲೇಟ್ ಕತ್ತರಿಸಿ ಬ್ರೇಕಿನ ಪಕ್ಕದಲ್ಲಿ ತೂಗುಹಾಕಿದರೆ, ಮುಂದೆ ಇದೇ ಇಳಿಜಾರಿನಲ್ಲಿ ಬರುವ ಯಾವ ಚೌಕ ಹಾಪರಿಗೂ ಅದೇ ಸಾಕು. ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ಈಗ ಮುಚ್ಚಿರುವ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆಯಲ್ಲಿ ಕೆಲಸ ಕಲಿತ ಹಿರಿಯ ಫಿಟ್ಟರ್ ಒಬ್ಬರು ನಮ್ಮಲ್ಲಿದ್ದಾರೆ. ಪರದೆಯ ಮಾದರಿಗಿಂತ ಈ ಟೆಂಪ್ಲೇಟೇ ಅವರಿಗೆ ಹೆಚ್ಚು ನೆಚ್ಚಿಕೆಯಾಯಿತು, ಅದು ನ್ಯಾಯವೇ.

ತಗಡನ್ನು ಬಿಡಿಸಿ ಚಪ್ಪಟೆ ಆಕೃತಿ ಪಡೆಯುವ ಹಂತದಲ್ಲಿ ಮತ್ತೆ ತಡೆ ಬಂತು. ಪಾಠಗಳಲ್ಲಿ ತೋರಿಸುವ ದಾರಿ, ಮೇಲೊಂದು ಕೆಳಗೊಂದು ಚೌಕ ಬರೆದು ಲಾಫ್ಟ್ ಆಜ್ಞೆಯಿಂದ ಸೇರಿಸಿ, ಒಳಭಾಗ ತೆಗೆದು ಟೊಳ್ಳು ಮಾಡುವುದು. ನೋಡಲು ಹಾಪರ್ ಚೆನ್ನಾಗಿಯೇ ಬರುತ್ತದೆ. ಆದರೆ ಲಾಫ್ಟಿನಿಂದ ಬಂದ ಮುಖಗಳು ಕಣ್ಣಿಗೆ ಸಮತಟ್ಟಾಗಿ ಕಂಡರೂ ತಂತ್ರಾಂಶದ ಒಳಗೆ ಬಿ-ಸ್ಪ್ಲೈನ್ ಎಂಬ ಬಾಗು ಮೇಲ್ಮೈಗಳಾಗಿ ದಾಖಲಾಗಿರಬಹುದು, ಆಗ ತಗಡು ಬಿಡಿಸುವ ಆಜ್ಞೆ ಅವುಗಳನ್ನು ತಗಡೆಂದು ಗುರುತಿಸುವುದಿಲ್ಲ. ಇದಕ್ಕೆ ನಾವು ಕಂಡುಕೊಂಡ ದಾರಿ ತಿರುವುಮುರುವಾದದ್ದು. ವರ್ಕ್‌ಶಾಪಿನಲ್ಲಿ ಹೇಗೂ ಕೆಲಸ ಚಪ್ಪಟೆ ತಗಡಿನಿಂದಲೇ ಆರಂಭವಾಗುತ್ತದೆಯಾದ್ದರಿಂದ ಮಾದರಿಯನ್ನೂ ಅಲ್ಲಿಂದಲೇ ಆರಂಭಿಸಿದೆವು. ಎರಡು ಸಮಲಂಬ ಚತುರ್ಭುಜಗಳು ಒಂದು ಓರೆ ಅಂಚನ್ನು ಹಂಚಿಕೊಂಡಿರುವ ಆಕೃತಿ ಹಾಪರಿನ ಅರ್ಧ. ಅದನ್ನು 3 ಮಿಲಿಮೀಟರ್ ತಗಡಾಗಿ ಎಬ್ಬಿಸಿ, ಶೀಟ್‌ಮೆಟಲ್ ಎಂಬ ಹೆಚ್ಚುವರಿ ವರ್ಕ್‌ಬೆಂಚನ್ನು (ಉಪಕರಣಗಳ ಗುಂಪನ್ನು) ಸೇರಿಸಿಕೊಂಡು, ಹಂಚಿಕೊಂಡ ಅಂಚಿನ ಗೆರೆಯ ಮೇಲೆ 77 ಡಿಗ್ರಿ ಮಡಚಿದರೆ ಅರ್ಧ ಹಾಪರ್ ಸಿದ್ಧ. ಇಂಥ ಎರಡು ಅರ್ಧಗಳು, ಎರಡು ವೆಲ್ಡ್ ಸಾಲುಗಳು. 900ರ ಹಾಪರಿನಲ್ಲಿ ಪ್ರತಿ ಗೋಡೆಯ ಓರೆ ಎತ್ತರ 681.5, ಓರೆ ಅಂಚು 755 ಮಿಲಿಮೀಟರ್. ಅರ್ಧದ ಚಪ್ಪಟೆ ಆಕೃತಿ ಸುಮಾರು 1625ಕ್ಕೆ 863 ಮಿಲಿಮೀಟರ್ ಜಾಗ ಹಿಡಿಯುತ್ತದೆ, 1000ರದ್ದು 1805ಕ್ಕೆ 979. ಎರಡೂ 1250ಕ್ಕೆ 2500ರ ತಗಡಿನಲ್ಲಿ ಕೂರುತ್ತವೆ.

ಮಡಚುವಾಗ ತಗಡು ಎಷ್ಟು ಹಿಗ್ಗುತ್ತದೆ ಎಂಬುದಕ್ಕೆ ತಂತ್ರಾಂಶ ಕೆ-ಫ್ಯಾಕ್ಟರ್ ಎಂಬ ಒಂದು ಸಂಖ್ಯೆಯನ್ನು ಕೇಳುತ್ತದೆ. ತಗಡಿನ ದಪ್ಪದಲ್ಲಿ ಹಿಗ್ಗದೆ ಕುಗ್ಗದೆ ಉಳಿಯುವ ಪದರ ಒಳಮೈಯಿಂದ ಎಷ್ಟು ದೂರದಲ್ಲಿದೆ ಎಂಬುದರ ಅನುಪಾತ ಅದು, 0.5ಕ್ಕಿಂತ ಸ್ವಲ್ಪ ಕಡಿಮೆ ಇರುವುದು ವಾಡಿಕೆ. ಬೇರೆಯವರ ಪಟ್ಟಿಯಿಂದ ಈ ಸಂಖ್ಯೆಯನ್ನು ಎತ್ತಿಕೊಳ್ಳುವ ಬದಲು ನಮ್ಮದೇ ಬ್ರೇಕಿನಲ್ಲಿ ಪರೀಕ್ಷಿಸುವುದು ಉತ್ತಮ, ಖರ್ಚು ಒಂದು ತುಂಡು ತಗಡು ಮಾತ್ರ. 200 ಮಿಲಿಮೀಟರ್ ಉದ್ದದ ಪಟ್ಟಿಯನ್ನು ನಡುವೆ 90 ಡಿಗ್ರಿ ಬಗ್ಗಿಸಿ ಎರಡು ಕಾಲುಗಳ ಹೊರ ಅಳತೆ ಕೂಡಿದಾಗ 205.8 ಬಂತು. ಒಳತ್ರಿಜ್ಯ ಗೇಜಿನಲ್ಲಿ 4 ಮಿಲಿಮೀಟರ್. ತ್ರಿಜ್ಯ ಮತ್ತು ದಪ್ಪ ಕೂಡಿದರೆ 7, ಎರಡು ಕಡೆಗೆ 14, ಅದರಲ್ಲಿ ಹೆಚ್ಚಿಗೆ ಬಂದ 5.8 ಕಳೆದರೆ ಬೆಂಡಿನ ಕಮಾನಿಗೆ ಬಳಕೆಯಾದ ತಗಡು 8.2 ಮಿಲಿಮೀಟರ್. ಇದನ್ನು 90 ಡಿಗ್ರಿಯ ರೇಡಿಯನ್ ಬೆಲೆಯಾದ 1.571ರಿಂದ ಭಾಗಿಸಿ, 4 ಕಳೆದು, ದಪ್ಪ 3ರಿಂದ ಭಾಗಿಸಿದರೆ 0.41. ಕಣ್ಣುಮುಚ್ಚಿ 0.5 ಹಾಕಿದ್ದರೆ 90 ಡಿಗ್ರಿಯ ಪ್ರತಿ ಬೆಂಡಿಗೂ ಅರ್ಧ ಮಿಲಿಮೀಟರಿನ ಹತ್ತಿರ ವ್ಯತ್ಯಾಸ ಬರುತ್ತಿತ್ತು. ವೆಲ್ಡಿಂಗಿನಲ್ಲಿ ಅದು ಮುಚ್ಚಿಹೋಗುತ್ತದೆ, ಬೋಲ್ಟಿನ ರಂಧ್ರಗಳಿರುವ ಫ್ಲೇಂಜಿನಲ್ಲಿ (ಜೋಡಣೆಯ ಅಂಚುಪಟ್ಟಿಯಲ್ಲಿ) ಮುಚ್ಚಿಹೋಗುವುದಿಲ್ಲ.

ಫ್ಲೇಂಜಿನ ಸಂಗತಿಗೆ ಬಂದರೆ, ಅತಿ ಹೆಚ್ಚು ಸಹನೆ ಬೇಡಿದ ಭಾಗ ಅದೇ. ಕೆಳಬಾಯಿಯ ಸುತ್ತ ಎಂ10 (10 ಮಿಲಿಮೀಟರ್ ವ್ಯಾಸದ) ಬೋಲ್ಟುಗಳಿಗೆ 11 ಮಿಲಿಮೀಟರ್ ರಂಧ್ರಗಳುಳ್ಳ ಫ್ಲೇಂಜ್ ಬೇಕಿತ್ತು. ಅದರ ಸ್ಕೆಚ್ಚನ್ನು ಮಾದರಿಯ ಒಂದು ಮುಖದ ಮೇಲೆ ಕೂರಿಸಿದ್ದೆವು, ಪಾಠಗಳೂ ಹಾಗೆಯೇ ಹೇಳುತ್ತವೆ. ಗೋಡೆಯಲ್ಲಿ ಕಾಳು ನೋಡಲು ಒಂದು ಕಿಂಡಿ ಕೊರೆದ ಕೂಡಲೇ ಆ ಸ್ಕೆಚ್ ಜಿಗಿದು ಬೇರೊಂದು ಮುಖಕ್ಕೆ ಅಂಟಿಕೊಂಡಿತು, ರಂಧ್ರಗಳು ಗೋಡೆಯ ಮೇಲೆ ಕಾಣಿಸಿಕೊಂಡವು. ಮುಖಗಳಿಗೆ ತಂತ್ರಾಂಶ ಸಂಖ್ಯೆಯ ಹೆಸರು ಕೊಡುತ್ತದೆ, ಹೊಸ ಕಿಂಡಿ ಬಂದಾಗ ಎಣಿಕೆ ಬದಲಾಗಿ ಆರನೆಯ ಮುಖವಾಗಿದ್ದದ್ದು ಏಳನೆಯದಾಗುತ್ತದೆ, ಸ್ಕೆಚ್ ಮಾತ್ರ ಆರನೆಯದನ್ನೇ ಹುಡುಕುತ್ತದೆ. ಫ್ರೀಕ್ಯಾಡ್ ಬಳಸುವವರ ನಡುವೆ ಇದು ಬಹುಕಾಲದಿಂದ ಹೆಸರುವಾಸಿಯಾದ ತೊಡಕು. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಲ್ಲಿ ಇದನ್ನು ಬಹಳಷ್ಟು ತಗ್ಗಿಸಿದ್ದಾರೆ. ನಮ್ಮ ಗಣಕದಲ್ಲಿದ್ದದ್ದು ಅದಕ್ಕಿಂತ ಹಿಂದಿನ ಆವೃತ್ತಿ. ಆವೃತ್ತಿ ಬದಲಿಸಿದ್ದಲ್ಲದೆ ಕ್ರಮವನ್ನೂ ಬದಲಿಸಿದೆವು: ಯಾವ ಸ್ಕೆಚ್ಚನ್ನೂ ಮುಖದ ಮೇಲೆ ಕೂರಿಸುವುದಿಲ್ಲ, ಮೂಲ ಸಮತಲಗಳ ಮೇಲೆ ಅಥವಾ ಸ್ಪ್ರೆಡ್‌ಶೀಟಿನ ಎತ್ತರವನ್ನು ಅನುಸರಿಸುವ ಆಧಾರ ಸಮತಲದ ಮೇಲೆ ಮಾತ್ರ ಕೂರಿಸುತ್ತೇವೆ. ಕಿಂಡಿ, ರಂಧ್ರ, ಅಂಚು ಸವರುವಿಕೆಗಳನ್ನು ಎಲ್ಲಕ್ಕಿಂತ ಕೊನೆಗೆ ಇಡುತ್ತೇವೆ. ಹೊಸ ಆವೃತ್ತಿ ಇರುವವರೂ ಈ ಕ್ರಮವನ್ನು ಬಿಡಬಾರದೆಂದು ನನ್ನ ಅಭಿಪ್ರಾಯ, ಏಕೆಂದರೆ ಮುಖ ಅಳಿದೇ ಹೋದರೆ ಅದನ್ನು ಯಾವ ಆವೃತ್ತಿಯೂ ಹುಡುಕಿ ಕೊಡಲಾರದು.

ಡ್ರಾಯಿಂಗ್ ಹಾಳೆ ತೆಗೆಯುವುದು ಬೇಗ ಮುಗಿಯಿತು. ನಮ್ಮ ಐಟಿಐಗಳಲ್ಲಿ ಕಲಿಸುವುದೂ ಫಿಟ್ಟರುಗಳು ಓದುವುದೂ ಫಸ್ಟ್ ಆಂಗಲ್ ಪ್ರೊಜೆಕ್ಷನ್ (ಎಡಬದಿಯ ನೋಟವನ್ನು ಬಲಕ್ಕೆ ಬರೆಯುವ ಕ್ರಮ), ಅಮೆರಿಕದ ವಿಡಿಯೊಗಳಲ್ಲಿ ಥರ್ಡ್ ಆಂಗಲ್ (ಎಡಬದಿಯದನ್ನು ಎಡಕ್ಕೇ ಬರೆಯುವ ಕ್ರಮ) ಇರುತ್ತದೆ. ಹಾಳೆ ತೆರೆದ ಕೂಡಲೇ ಆ ಆಯ್ಕೆಯನ್ನು ನೋಡಿಕೊಳ್ಳಬೇಕು, ಇಲ್ಲದಿದ್ದರೆ ಎಡಬದಿಯ ಕಿಂಡಿ ಬಲಬದಿಗೆ ಹೋಗುತ್ತದೆ. ಕಟಿಂಗಿಗೆ ಎಂದಿನಂತೆ ಡಿಎಕ್ಸ್‌ಎಫ್ (ಬೇರೆ ಬೇರೆ ತಂತ್ರಾಂಶಗಳು ಓದಬಲ್ಲ ಡ್ರಾಯಿಂಗ್) ಫೈಲು ಕೊಟ್ಟೆವು. 1982ರಲ್ಲಿ ಆಟೋಕ್ಯಾಡಿನ ಜೊತೆಗೇ ಬಂದ ಈ ಫೈಲು ಬಗೆಯೇ ಹಳೆಯ ಮತ್ತು ಹೊಸ ವಿಧಾನಗಳ ನಡುವಿನ ಸೇತುವೆಯಾಗಿ ಇಂದಿಗೂ ನಿಂತಿದೆ. ಚಪ್ಪಟೆ ಆಕೃತಿಯನ್ನು ಆಟೋಕ್ಯಾಡಿನಲ್ಲಿ ಒಮ್ಮೆ ತೆರೆದು ಓರೆ ಅಂಚು 755 ಇದೆಯೇ ಎಂದು ಅಳೆದು ನೋಡಿ ಕಳಿಸಿದೆವು. ಪರಿಚಿತ ಸಾಧನದಿಂದ ಅಪರಿಚಿತ ಸಾಧನವನ್ನು ಪರೀಕ್ಷಿಸುವುದರಲ್ಲಿ ಸಂಕೋಚವೇನೂ ಬೇಕಿಲ್ಲ.

900ರ ಹಾಪರಿನ ಗೋಡೆಗಳ ತೂಕ ಲೆಕ್ಕದಲ್ಲಿ ಸುಮಾರು 37 ಕಿಲೋಗ್ರಾಂ, ಒಳಗೆ ಹಿಡಿಯುವ ಪ್ರಮಾಣ 219 ಲೀಟರ್. ಒಂದು ಘನ ಮೀಟರ್ ಮೆಕ್ಕೆಜೋಳಕ್ಕೆ 720 ಕಿಲೋಗ್ರಾಂ ಹಿಡಿದರೆ ಒಮ್ಮೆಗೆ 158 ಕಿಲೋಗ್ರಾಂ ಕಾಳು ತುಂಬುತ್ತದೆ. 1000ರದ್ದು 302 ಲೀಟರ್, ಸುಮಾರು 218 ಕಿಲೋಗ್ರಾಂ. ಕ್ಲೀನರಿನ ಚೌಕಟ್ಟು ಹೊರಬೇಕಾದ ಭಾರ ಇದು, ಹಾಗಾಗಿ ಈ ಎರಡು ಸಾಲುಗಳನ್ನೂ ಸ್ಪ್ರೆಡ್‌ಶೀಟಿನಲ್ಲೇ ಇಟ್ಟಿದ್ದೇವೆ. ಎರಡು ಅರ್ಧಗಳನ್ನು ಕೂಡಿಸಿದಾಗ ಓರೆ ಅಂಚುಗಳು ಉದ್ದಕ್ಕೂ ಹೊಂದಿಕೊಂಡವು, ಟ್ಯಾಕ್ ವೆಲ್ಡಿಗೆ (ತಾತ್ಕಾಲಿಕ ಚುಕ್ಕಿ ಬೆಸುಗೆಗೆ) ಮುನ್ನ ಸುತ್ತಿಗೆ ಹಿಡಿಯುವ ಪ್ರಮೇಯ ಬರಲಿಲ್ಲ. ದೊಡ್ಡ ಹಾಪರಿಗೆ ಬದಲಿಸಿದ್ದು ಒಂದೇ ಕೋಶ. ಫ್ಲೇಂಜಿನ ರಂಧ್ರಗಳು ಅದೇ ಜಾಗದಲ್ಲಿ ಉಳಿದವು, ಬ್ರೇಕಿನಲ್ಲಿ ಅದೇ ಟೆಂಪ್ಲೇಟ್ ನಡೆಯಿತು.

ಮುಂದೆ ಬಂದಿರುವುದು ಚೌಕವಲ್ಲದ ಹಾಪರ್, ಮೇಲಿನ ಬಾಯಿ ಆಯತ. ಅದರಲ್ಲಿ ಎದುರುಬದುರು ಗೋಡೆಗಳ ಇಳಿಜಾರು ಒಂದು, ಪಕ್ಕದವುಗಳದ್ದು ಇನ್ನೊಂದು, ಆದ್ದರಿಂದ ಮೇಲಿನ ಟೆಂಪ್ಲೇಟ್ ನಡೆಯುವುದಿಲ್ಲ. ಎರಡು ಇಳಿಜಾರುಗಳ ಕೊಸೈನುಗಳನ್ನು ಗುಣಿಸಿ, ಬಂದ ಸಂಖ್ಯೆಯ ವಿಲೋಮ ಕೊಸೈನ್ ತೆಗೆದರೆ ಚಪ್ಪಟೆ ಸ್ಥಿತಿಯಿಂದ ಎಷ್ಟು ಬಗ್ಗಿಸಬೇಕೆಂಬ ಕೋನ ಸಿಗುತ್ತದೆ. ಎರಡು ಇಳಿಜಾರುಗಳೂ 61.5 ಆಗಿದ್ದಾಗ ಅದೇ ಸೂತ್ರ 77ನ್ನೇ ಕೊಡುತ್ತದೆ ಎಂದು ನೋಡಿಕೊಂಡು, ಆ ಸಾಲನ್ನು ಸ್ಪ್ರೆಡ್‌ಶೀಟಿಗೆ ಸೇರಿಸಿದ್ದೇವೆ. ಈ ಸಲ ಕಾರಣಗಳ ಪಟ್ಟಿಯಲ್ಲಿ ಎರಡು ಬಾಯಿಗಳಿಗೂ ಉದ್ದ ಮತ್ತು ಅಗಲ ಪ್ರತ್ಯೇಕವಾಗಿವೆ, ಮೂಲೆಯ ಇಳಿಜಾರು ಹಿಂದಿನಂತೆಯೇ 52.5 ಡಿಗ್ರಿ, ಎತ್ತರ ಅದರಿಂದಲೇ ಬರುತ್ತದೆ.